ಜೀರುಂಡೆ ಕೂಗಿದ ಮೇಲೆ

ಅವರ ಜೊತೆ ಮಾತಾಡಬೇಕಾದರೆ ಎಡಗಡೆ ನಿಲ್ಲಬೇಕಿತ್ತು. ಬಲಗಿವಿ ನಾನು ಕೆಲಸಕ್ಕೆ ಸೇರುವ ಮೊದಲೇ ಕೈಕೊಟ್ಟಿತ್ತು. ಎಡಗಿವಿಯೂ ಅಷ್ಟಕ್ಕಷ್ಟೇ, ಆದರೆ ಮುಖ ನೋಡಿಕೊಂಡು ಜೋರಾಗಿ ಹೇಳಿದರೆ ಮುಕ್ಕಾಲು ಪಾಲು ತಲುಪುತ್ತಿತ್ತು. ಉಳಿದದ್ದನ್ನು ಅವರೇ ಅಂದಾಜಿನ ಮೇಲೆ ತುಂಬಿಕೊಳ್ಳುತ್ತಿದ್ದರು. ಹಾಗೆ ತುಂಬಿಕೊಂಡು ಕೊಟ್ಟ ಉತ್ತರ ಕೇಳಿ ನಾವು ನಕ್ಕರೆ ಅವರು ನಮಗಿಂತ ಜೋರಾಗಿ ನಗುತ್ತಿದ್ದರು. ಯಾಕೆ ನಕ್ಕಿರಿ ಎಂದು ಮಾತ್ರ ಯಾವತ್ತೂ ಕೇಳಿದವರಲ್ಲ.

ಪೀಣ್ಯದ ಒಂದು ಪ್ರೆಸ್ ಶಾಪ್‌ನಲ್ಲಿ ಅವರು ಫೋರ್ಮನ್. ಪ್ರೆಸ್ ಶಾಪ್ ಎಂದರೆ ತಗಡನ್ನು ಯಂತ್ರದ ಕೆಳಗಿಟ್ಟು ಒತ್ತಿ, ಬಗ್ಗಿಸಿ, ತೂತು ಹೊಡೆದು ಮೀಟರ್ ಬಾಕ್ಸಿನ ಬಾಗಿಲೋ ಫ್ಯಾನಿನ ಮುಚ್ಚಳವೋ ಮಾಡುವ ಜಾಗ. ಬೆಳಗಿನಿಂದ ಸಂಜೆಯವರೆಗೆ ಧಡ್ ಧಡ್ ಎನ್ನುವ ಸದ್ದು ನೆಲದಿಂದ ಹತ್ತಿ ಹಲ್ಲಿನ ತನಕ ಬರುತ್ತಿತ್ತು. ಮಾಲೀಕರಿಂದ ಹಿಡಿದು ಕ್ಯಾಂಟೀನಿನ ಹೆಂಗಸಿನವರೆಗೆ ಎಲ್ಲರಿಗೂ ಅವರು 'ಅಣ್ಣ'. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. "ಪೇಪರಲ್ಲಿ ನಮ್ಮಂತೋರ ಎಸ್ರು ಬರೋದು ಒಂದೇ ಸಲ ಕಣವ್ವ, ಅದೂ ಫೋಟೋ ಕೆಳ್ಗೆ" ಎಂದು ಅವರೇ ತಮಾಷೆ ಮಾಡುತ್ತಿದ್ದರು. ಆ ಒಂದು ಸಲವೂ ಹೋದ ತಿಂಗಳು ಬಂದು ಹೋಯಿತು. ಇನ್ನು ಮತ್ತೆ ಯಾಕೆ.

ನಾನು ಅಲ್ಲಿಗೆ ಸೇರಿದ್ದು ಎರಡು ಸಾವಿರದ ಇಸವಿಯ ಆಚೀಚೆ, ಕ್ವಾಲಿಟಿ ವಿಭಾಗಕ್ಕೆ. ಓದಿದ್ದು ಪ್ರಾಣಿಶಾಸ್ತ್ರ, ಸಿಕ್ಕಿದ್ದು ತಗಡು ಅಳೆಯುವ ಕೆಲಸ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗಿತ್ತು ನನ್ನ ಬಾಳು. ಗಾಜಿನ ಸಣ್ಣ ಕೋಣೆಯಲ್ಲಿ ಕೂತು, ಅವರು ಒತ್ತಿ ಕಳಿಸಿದ್ದರಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಇಂಥ ಕೆಲಸದವರನ್ನು ಫೋರ್ಮನ್ ಆದವನು ಇಷ್ಟಪಡಬೇಕಾಗಿಲ್ಲ. ಅವರು ಇಷ್ಟಪಡಲಿಲ್ಲ ಕೂಡ. ಮೊದಲ ಕೆಲವು ತಿಂಗಳು ನನ್ನನ್ನು 'ತಪ್ಪು ಮೇಡಂ' ಎಂದೇ ಕರೆಯುತ್ತಿದ್ದರು.

ಶೆಡ್ಡಿನ ಹಿಂದೆ ಕಾಂಪೌಂಡಿನೊಳಗೆ ಒಂದು ದೊಡ್ಡ ಮಾವಿನ ಮರವಿತ್ತು. ಒಂದು ಕಾಲಕ್ಕೆ ಆ ಜಾಗವೆಲ್ಲ ಅವರ ತಾತನ ಮಾವಿನ ತೋಪು. ಅವರ ತಂದೆಯ ಕಾಲದಲ್ಲಿ ಕೈಗಾರಿಕೆಗೆಂದು ಜಮೀನು ಹೋಯಿತು, ತೋಪು ಹೋಯಿತು, ಮನೆಯವರು ತುಮಕೂರು ರಸ್ತೆಯ ಮಾಕಳಿಗೆ ಬಂದು ನೆಲೆಸಿದರು. ಲಾರಿ ನಿಲ್ಲಿಸಲು ನೆರಳಿರಲಿ ಎಂದು ನಮ್ಮ ಮಾಲೀಕರ ತಂದೆ ಒಂದು ಮರವನ್ನು ಬಿಟ್ಟಿದ್ದರಂತೆ. "ನಾನು ಕೆಲ್ಸ ಕೇಳ್ಕೊಂಡು ಬರ್ಲಿಲ್ಲ. ಮರ ಎಂಗೈತೆ ಅಂತ ನೋಡ್ಕೊಂಡು ಓಗಕ್ಕೆ ಬಂದೆ. ವಾಚ್‌ಮನ್ನು ಒಳಕ್ಕೆ ಬುಡ್ಲಿಲ್ಲ. ಕೆಲ್ಸಕ್ಕೆ ಸೇರಿದ್ರೆ ದಿನಾ ಬುಡ್ತಾರಲ್ಲ ಅಂತ ಸೇರ್ಕೊಂಡೆ" ಎಂದು ಒಂದು ದಿನ ಹೇಳಿದರು. ನಗಿಸಲು ಹೇಳುತ್ತಿದ್ದಾರೆ ಎಂದುಕೊಂಡೆ. ಅಲ್ಲ, ಅದು ನಡೆದ ಮಾತೇ.

ಆ ಮರಕ್ಕೆ ಅವರ ಮನೆತನದ ಒಂದು ಕಟ್ಟಳೆಯಿತ್ತು. ಜೀರುಂಡೆ ಕೂಗುವ ತನಕ ಕಾಯಿ ಮುಟ್ಟಬಾರದು. ಬೇಸಗೆಯಲ್ಲಿ ಮರದ ಕೊಂಬೆಗೆ ಅಂಟಿಕೊಂಡು ಕಿವಿ ತೂತಾಗುವ ಹಾಗೆ ಕೂಗುತ್ತದಲ್ಲ, ಆ ಜೀರುಂಡೆ. ಅದು ಕೂಗುವ ಮೊದಲು ಕಿತ್ತ ಕಾಯಿಯ ಉಪ್ಪಿನಕಾಯಿ ಆಷಾಢ ದಾಟುವುದಿಲ್ಲ ಎಂದು ಅವರ ಅಜ್ಜಿ ಹೇಳುತ್ತಿದ್ದರಂತೆ. ತೋಪು ಹೋದರೂ ಕಟ್ಟಳೆ ಉಳಿದುಕೊಂಡು, ನೂರು ಜನರ ಕಾರ್ಖಾನೆಯೇ ಅದನ್ನು ಪಾಲಿಸುತ್ತಿತ್ತು. ಮಾಲೀಕರ ಹೆಂಡತಿಯೂ ಕಾರಿನಿಂದಿಳಿದು ಮೇಲೆ ನೋಡಿ, "ಇನ್ನೂ ಕೂಗಿಲ್ವಾ?" ಎಂದು ಕೇಳಿ ಹೋಗುತ್ತಿದ್ದರು.

ಕೂಗಿತು ಎಂದು ಸಾರುವ ಹಕ್ಕು ಅಣ್ಣನದು. ಟೀ ಹೊತ್ತಿನಲ್ಲಿ ಮರದ ಕೆಳಗೆ ಕಿವಿ ಕೊಟ್ಟು ನಿಂತು, ಒಳಗೆ ಬಂದು ಎರಡೂ ಕೈ ಮೇಲೆತ್ತುವರು. ಪ್ರೆಸ್ ಶಾಪ್‌ನಲ್ಲಿ ಬಾಯಿ ಮಾತು ನಡೆಯುವುದಿಲ್ಲ, ಎಲ್ಲಕ್ಕೂ ಕೈಸನ್ನೆ. ಎರಡು ಕೈ ಎತ್ತಿದರೆ ಎಲ್ಲ ಯಂತ್ರ ನಿಲ್ಲಿಸಿ ಎಂದರ್ಥ. ಸದ್ದು ಅಡಗಿದ ಮೇಲೆ "ಕೂಗ್ತು!" ಎನ್ನುವರು. ಅವತ್ತು ಮಧ್ಯಾಹ್ನ ಕ್ಯಾಂಟೀನಿನಿಂದ ಉಪ್ಪು ಕಾರದ ಪುಡಿ ಬರುತ್ತಿತ್ತು, ಮರದ ಕೆಳಗೆ ಹಬ್ಬ. ಮೊದಲ ಕಾಯಿಯ ಮೊದಲ ಹೋಳು ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ. ನಾನು ಸೇರಿದ ವರ್ಷ ಅದು ನನ್ನ ಪಾಲಿಗೆ ಬಂತು. ಹುಳಿಗೆ ನನ್ನ ಮುಖ ಕಿವುಚಿದ್ದನ್ನು ನೋಡಿ, "ಇದ್ರಲ್ಲೂ ತಪ್ಪು ಸಿಕ್ತಾ ಮೇಡಂ?" ಎಂದರು. ಅವತ್ತಿನಿಂದ ನಾನು 'ಕಣವ್ವ' ಆದೆ.

ಜೀರುಂಡೆ ಅವರಿಗೆ ಎಷ್ಟು ಪ್ರೀತಿಯೋ ಜಿಗಿಹುಳು ಅಷ್ಟೇ ವೈರಿ. ಮಾವು ಹೂ ಬಿಟ್ಟ ಕಾಲಕ್ಕೆ ಗೊಂಚಲಿಗೆ ಮುತ್ತಿಕೊಳ್ಳುವ ಅಕ್ಕಿಕಾಳಿನಷ್ಟು ಸಣ್ಣ ಹುಳು ಅದು. ಹೂವಿನ ರಸ ಹೀರಿ ಅಂಟಂಟು ಸಿಹಿನೀರು ಸುರಿಸುತ್ತದೆ. ಅದು ಬಿದ್ದಲ್ಲೆಲ್ಲ ಎಲೆಗೆ ಮಸಿ ಬಳಿದ ಹಾಗೆ ಕಪ್ಪು ಕಟ್ಟುತ್ತದೆ, ಹೂವು ಉದುರುತ್ತದೆ. ಅಣ್ಣ ಬೆಳಿಗ್ಗೆ ಬಂದವರೇ ಮರದ ಕೆಳಗೆ ನಿಂತು ಚಪ್ಪಾಳೆ ತಟ್ಟುವರು. ಹುಳುಗಳು ಚಟಪಟ ಹಾರಿ ಎಲೆಗೆ ಬಡಿಯುವ ಸದ್ದು, ಮಳೆ ಹನಿ ಶುರುವಾದ ಹಾಗೆ. "ಕಳ್ ನನ್ಮಕ್ಳು" ಎಂದು ಬೈದು, ಬೇವಿನೆಣ್ಣೆ ಕಲಸಿ ತಂದು ಸಿಂಪಡಿಸುವರು. ಅಂಟು ಹನಿಗಳು ಹೊರಗೆ ಜೋಡಿಸಿಟ್ಟ ತಗಡಿನ ಮೇಲೂ ಬಿದ್ದು, ಬಣ್ಣ ಹಿಡಿಯದೆ, ನಾನು ರಿಜೆಕ್ಟ್ ಮಾಡಬೇಕಾಗುತ್ತಿತ್ತು. ಮರ ಕಡಿಸುವ ಮಾತು ಮೊದಲು ಬಂದದ್ದೇ ಹಾಗೆ. ಅಣ್ಣ ಮಾಲೀಕರ ಎದುರು ನಿಂತು, "ಮರದ ತಂಟೆಗೆ ಓಗ್ಬೇಡಿ ಸಾರ್, ಒಂದೊಂದ್ ತಗಡೂ ನಾನೇ ಒರಸ್ಕೊಡ್ತೀನಿ" ಎಂದರು. ಒರೆಸಿಯೂ ಕೊಟ್ಟರು. ಹೂವಿನ ಕಾಲದಲ್ಲಿ ಊಟದ ಬಿಡುವೆಲ್ಲ ಅವರಿಗೆ ಅದರಲ್ಲೇ ಹೋಗುತ್ತಿತ್ತು.

ಕಳ್ಳ ಒಬ್ಬ, ಅತಿಥಿ ಒಬ್ಬ ಎನ್ನುವ ಅವರ ಈ ಲೆಕ್ಕವನ್ನು ಕೆಡಿಸಿದವಳು ನಾನು. ಓದಿದ ಪ್ರಾಣಿಶಾಸ್ತ್ರ ಎಲ್ಲಾದರೂ ಹೊರಗೆ ಬರಬೇಕಲ್ಲ. "ಅಣ್ಣ, ಜಿಗಿಹುಳು ಜೀರುಂಡೆ ಎರಡೂ ಒಂದೇ ವಂಶ. ಎರಡಕ್ಕೂ ಸೂಜಿ ಥರದ ಬಾಯಿ. ಎರಡೂ ಮರದ ರಸ ಹೀರೋವೇ" ಎಂದೆ.

"ಜೀರುಂಡೆ ಇಬ್ಬನಿ ಕುಡೀತದೆ."

"ಇಲ್ಲ ಅಣ್ಣ, ಕೊಂಬೆಗೆ ಚುಚ್ಚಿ ರಸಾನೇ ಕುಡಿಯುತ್ತೆ. ಅದರ ಮರಿಗಳು ನೆಲದ ಒಳಗೆ ಬೇರಿಗೆ ಬಾಯಿಟ್ಟುಕೊಂಡು ವರ್ಷಗಟ್ಟಲೆ ಇರುತ್ವೆ. ಆಮೇಲೆ ಮೇಲೆ ಬಂದು, ಪೊರೆ ಬಿಟ್ಟು, ಕೂಗೋದು."

"ಮತ್ತೆ ಮರದಡಿ ನಿಂತ್ರೆ ತಲೆ ಮೇಲೆ ತಣ್ಣಗೆ ತೀರ್ಥ ಚಿಮುಕಿಸ್ತದಲ್ಲ, ಅದು?"

ಹೇಳಬಾರದಿತ್ತು. ಹೇಳಿದೆ. "ಅದು ಕುಡಿದದ್ದು ಹೆಚ್ಚಾಗಿ ಹೊರಗೆ ಬಿಡೋದು ಅಣ್ಣ. ಮೂತ್ರ ಅಂದ್ರೂ ನಡೆಯುತ್ತೆ."

ಅವರು ತಮ್ಮ ಬೋಳು ತಲೆ ಮುಟ್ಟಿಕೊಂಡರು. ಎದ್ದು ಹೋದರು. ಆಮೇಲೆ ಕೆಲವು ದಿನ ನನ್ನ ಕೋಣೆಯ ಕಡೆ ಸುಳಿಯಲಿಲ್ಲ, ಬೇಕಾದ ಸಹಿಯನ್ನು ಬೇರೆಯವರ ಕೈಯಲ್ಲಿ ತರಿಸಿಕೊಂಡರು. ಕೊನೆಗೊಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟರು: "ನಮ್ ದಾಯಾದಿಗಳಲ್ಲೂ ಇಲ್ವಾ ಕಣವ್ವ. ಒಬ್ಬ ಉಂಡು ಮನೆಗೆ ಮಸಿ ಬಳೀತಾನೆ, ಒಬ್ಬ ಉಂಡು ಎಲ್ಡು ಪದ ಏಳಿ ಓಯ್ತಾನೆ. ವಂಶ ಒಂದೇ ಆದ್ರೆ ಏನು?"

ಅವರ ಜೇಬಿನಲ್ಲಿ ಕಂಪನಿ ಕೊಟ್ಟ ಕಿವಿಬಿರಡೆ ಯಾವಾಗಲೂ ಇರುತ್ತಿತ್ತು. ಕಿವಿಗೆ ಮಾತ್ರ ಹೋದದ್ದು ಕಾಣೆ. ಯಂತ್ರದ ಸದ್ದು ಕೇಳದಿದ್ದರೆ ಅದರ ಕಾಯಿಲೆ ತಿಳಿಯುವುದು ಹೇಗೆ ಎನ್ನುವುದು ಅವರ ವಾದ. ಅಲ್ಲಿದ್ದ ಹಳಬರೆಲ್ಲರದೂ ಅದೇ ಕಥೆ. ಕಿವಿ ಮಂದ ಎಂದು ಗೊತ್ತಾದರೆ ಪ್ರೆಸ್ ಬಿಡಿಸಿ ಪ್ಯಾಕಿಂಗ್‌ಗೆ ಹಾಕುತ್ತಾರೆ ಎಂಬ ಭಯ ಒಂದು ಕಡೆ, ಗಂಡಸಿಗೆ ಅವಮಾನ ಎಂಬುದು ಇನ್ನೊಂದು ಕಡೆ. ಆದ್ದರಿಂದ ಆ ಶೆಡ್ಡಿನಲ್ಲಿ ಯಾರೂ ಕೇಳಿಸಲಿಲ್ಲ ಎಂದು ಒಪ್ಪಿಕೊಳ್ಳುತ್ತಿರಲಿಲ್ಲ. ಏನು ಹೇಳಿದರೂ ಮೊದಲು ತಲೆಯಾಡಿಸುವುದು, ಆಮೇಲೆ ಪಕ್ಕದವನನ್ನು ನೋಡಿ ಅವನು ಮಾಡಿದಂತೆ ಮಾಡುವುದು ಅಲ್ಲಿಯ ರೂಢಿ.

ಮುಖ್ಯರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಆ ವರ್ಷ ಸಂಕ್ರಾಂತಿ ಮುಗಿದು ಇನ್ನೂ ಚಳಿ ಹೋಗಿರಲಿಲ್ಲ. ಟೀ ಕುಡಿದು ಒಳಗೆ ಬಂದ ಅಣ್ಣ ಎರಡೂ ಕೈ ಎತ್ತಿದರು. ಯಂತ್ರಗಳು ಒಂದೊಂದಾಗಿ ನಿಂತವು. "ಕೂಗ್ತು!" ಎಂದರು.

ನಾನು ಬಾಗಿಲಿಗೆ ಬಂದು ಕಿವಿ ಕೊಟ್ಟೆ. ದೂರದ ಲಾರಿ ಬಿಟ್ಟರೆ ಏನೂ ಇಲ್ಲ. ಅಷ್ಟರಲ್ಲಿ ಹಳೆಯ ಆಪರೇಟರ್ ಒಬ್ಬ, "ಊಂ ಅಣ್ಣ, ನಾನು ಆಗ್ಲೇ ಕೇಳಿಸ್ಕೊಂಡೆ" ಎಂದ. ಅವನ ಪಕ್ಕದವನು, "ಸಕ್ಕತ್ತಾಗಿ ಕೂಗ್ತೈತೆ" ಎಂದ. ಮೂರನೆಯವನು ಮೇಲೆ ನೋಡಿ ನಕ್ಕು ತಲೆಯಾಡಿಸಿದ. ಪ್ರತಿಯೊಬ್ಬನಿಗೂ ತನಗೊಬ್ಬನಿಗೇ ಕೇಳಿಸುತ್ತಿಲ್ಲ ಎಂಬ ದಿಗಿಲು. ಇಡೀ ಶೆಡ್ಡು ಹೌದು ಹೌದು ಎಂದಿತು. ಕ್ಯಾಂಟೀನಿನ ಹೆಂಗಸು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನಾವು ಬಾಯಿ ಬಿಡುವ ಮೊದಲೇ ಎಲ್ಲರೂ ಉಪ್ಪು ಕಾರದ ಪೊಟ್ಟಣ ಹಿಡಿದು ಹಿಂದಕ್ಕೆ ನಡೆದಾಗಿತ್ತು.

ಮರದಲ್ಲಿ ಬರೀ ಹೂವು. ಕಾಯಿ ಎನ್ನುವುದು ಎಲ್ಲೋ ಒಂದೆರಡು ಕಡೆ ಬಟಾಣಿಯಷ್ಟು ಕಚ್ಚಿತ್ತು. ಜನ ಉಪ್ಪು ಹಿಡಿದುಕೊಂಡು ಕತ್ತೆತ್ತಿ ನಿಂತಿದ್ದರು. "ಈ ವರ್ಸ ಮುಂಚೇನೇ ಬಂದ್ಬಿಟ್ಟದೆ ಬುಡಣ್ಣ" ಎಂದು ಒಬ್ಬ ಸಮಾಧಾನ ಹೇಳಿದ. ಅಣ್ಣ ಹೂವನ್ನು ನೋಡಿದರು, ಆಮೇಲೆ ಒಬ್ಬೊಬ್ಬರ ಮುಖವನ್ನೂ ನೋಡಿದರು. ಒಳಗೆ ಹೋಗಿ ತಾವೇ ಮೊದಲ ಪ್ರೆಸ್ ಚಾಲೂ ಮಾಡಿದರು.

ಸಂಜೆ ನಾವಿಬ್ಬರೂ ಹೋಗುವುದು ಒಂದೇ ಬಸ್ಸಿನಲ್ಲಿ. ನಾನು ದಾಸರಹಳ್ಳಿಯಲ್ಲಿ ಇಳಿಯುವವಳು, ಅವರು ಮಾಕಳಿಗೆ. ಕೆಲವು ದಿನ ಅವರು ದೂರದ ಸೀಟಿನಲ್ಲಿ ಕೂತರು. ಒಂದು ಸಂಜೆ ನನ್ನ ಪಕ್ಕ ಬಂದು ಕೂತು, ಕಿಟಕಿಯ ಹೊರಗೆ ನೋಡುತ್ತ, "ಇಲ್ಲೂ ಕೂಗ್ತೈತೆ ಕಣವ್ವ" ಎಂದರು. "ಬಸ್ಸಲ್ಲಿ. ಮನೇಲಿ, ದಿಂಬಿಗೆ ತಲೆ ಕೊಟ್ರೂ ಕೂಗ್ತೈತೆ. ನಿಲ್ಸೋದೇ ಇಲ್ಲ."

ಏನು ಹೇಳಿದರೂ ಜೋರಾಗಿ ಹೇಳಬೇಕು, ಬಸ್ಸಿನ ತುಂಬ ಜನ. ಅವರ ಕೈ ಹಿಡಿದುಕೊಂಡೆ. ಆಮೇಲೆ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದೂ ಆಯಿತು. ಒಳಗಿನ ನರ ಸತ್ತಿದೆ, ಕೀರಲು ದನಿಯ ಸದ್ದು ಯಾವುದೂ ಇನ್ನು ಕೇಳುವುದಿಲ್ಲ, ಒಳಗಿನ ಗುಂಯ್ ಸದ್ದಿಗೆ ಔಷಧಿಯಿಲ್ಲ ಎಂದರು. ಅಣ್ಣ ಹೊರಗೆ ಬಂದು ಕೇಳಿದ್ದು ಒಂದೇ ಮಾತು: "ಹಂಗಾದ್ರೆ ನಿಜ್ವಾದ್ದು ಕೂಗಿದ್ರೆ ನಂಗೆ ಗೊತ್ತಾಗದೆಂಗೆ?"

"ನಾನು ಹೇಳ್ತೀನಿ ಅಣ್ಣ."

"ಸುಳ್ಳು ಏಳ್ಕೂಡ್ದು. ನಂಗೆ ಬೇಜಾರಾಯ್ತದೆ ಅಂತ ಏಳ್ಕೂಡ್ದು. ಅವ್ರೆಲ್ಲ ಊಂ ಊಂ ಅಂದ್ರಲ್ಲ, ಅಂಗೆ ಮಾಡ್ಬೇಡ."

ಮಾತು ಕೊಟ್ಟೆ. ಅಲ್ಲಿಂದ ಮುಂದೆ ಪ್ರತಿ ಬೇಸಗೆಯಲ್ಲೂ ನಾನು ಕೇಳುವುದು, ಗಾಜಿನ ಕೋಣೆಯಿಂದ ಸನ್ನೆ ಮಾಡುವುದು, ಅವರು ಕೈ ಎತ್ತಿ ಸಾರುವುದು. ಶೆಡ್ಡಿನಲ್ಲಿ ಬೇರೆ ಯಾರಿಗೂ ಈ ವಿಷಯ ಗೊತ್ತಿರಲಿಲ್ಲ. ಒಂದು ವರ್ಷ ಜೀರುಂಡೆ ಬಹಳ ತಡ ಮಾಡಿತು. ಕಾಯಿ ಬಲಿತು ಉದುರುವುದಕ್ಕೆ ಶುರುವಾಗಿತ್ತು. ಅವರು ದಿನಕ್ಕೆ ನಾಲ್ಕು ಸಲ ಗಾಜಿನ ಹತ್ತಿರ ಬಂದು ಹುಬ್ಬೆತ್ತುವರು, ನಾನು ಇಲ್ಲ ಎಂದು ತಲೆಯಾಡಿಸುವೆ. ಹೇಳಿಬಿಡಲೇ ಎಂದು ಎಷ್ಟು ಸಲ ನಾಲಿಗೆಯ ತುದಿಗೆ ಬಂದಿತೋ. ಕೊನೆಗೂ ಅದು ಕೂಗಿದ ದಿನ ಅವರನ್ನು ಮರದ ಕೆಳಗೆ ಕರೆದುಕೊಂಡು ಹೋಗಿ ಕೊಂಬೆ ತೋರಿಸಿದೆ. ಅವರು ಕಾಂಡಕ್ಕೆ ಅಂಗೈ ಒತ್ತಿ ನಿಂತು, "ಕೂಗ್ಲಿ ಕೂಗ್ಲಿ" ಎಂದರು. ನೆತ್ತಿಯ ಮೇಲೆ ಹನಿ ಬಿದ್ದಾಗ ನನ್ನ ಕಡೆ ಓರೆಗಣ್ಣಿಂದ ನೋಡಿದರು. ಒರೆಸಿಕೊಳ್ಳಲಿಲ್ಲ.

ಮರ ಹೋದದ್ದು ಶೆಡ್ಡು ಬೆಳೆದಾಗ. ಹೊಸ ಯಂತ್ರಗಳಿಗೆ ಜಾಗ ಬೇಕಿತ್ತು. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಮಾಲೀಕರು ಅಣ್ಣನನ್ನು ಕರೆದು ಕೂರಿಸಿ, ಬೇರೆ ದಾರಿಯೇ ಇಲ್ಲ ಎಂದು ಹೇಳಿ, ತಾವೇ ಕಣ್ಣೊರೆಸಿಕೊಂಡರಂತೆ. ಅಣ್ಣ ಕಡಿಯುವ ದಿನ ರಜೆ ಹಾಕಲಿಲ್ಲ. ಗರಗಸದ ಸದ್ದು ಅವರಿಗೆ ಕೇಳುತ್ತಲೂ ಇರಲಿಲ್ಲ. ಬುಡದ ಸುತ್ತ ಕಾಂಕ್ರೀಟು ಹಾಕಲು ಕಲ್ಲು ಹರಡಿದಾಗ ಮಾತ್ರ ನನ್ನ ಕೋಣೆಗೆ ಬಂದರು.

"ನೀನೇ ಏಳಿದ್ದಲ್ವಾ, ಮರಿಗಳು ನೆಲ್ದೊಳ್ಗೆ ಬೇರು ಈರ್ಕೊಂಡು ವರ್ಸಗಟ್ಲೆ ಇರ್ತವೆ ಅಂತ?"

"ಹೌದಣ್ಣ."

"ಈಗ ಅವು ಏನ್ ಕುಡೀತವೆ?"

ನನಗೆ ಉತ್ತರ ಗೊತ್ತಿತ್ತು. ಸುಳ್ಳು ಹೇಳುವಂತಿರಲಿಲ್ಲ. ಅದನ್ನೆಲ್ಲ ಯಾಕಾದರೂ ಓದಿದೆನೋ ಎಂದು ಅವತ್ತು ಅನ್ನಿಸಿದಷ್ಟು ಮತ್ತೆಂದೂ ಅನ್ನಿಸಲಿಲ್ಲ. ನಾನು ಅತ್ತದ್ದನ್ನು ನೋಡಿ ಅವರೇ, "ಇರ್ಲಿ ಬುಡವ್ವ, ನೀನೇನ್ ಮಾಡ್ತೀಯ" ಎಂದರು.

ಆ ವರ್ಷವೇ ಅವರು ನಿವೃತ್ತರಾದರು. ಮಾಕಳಿಯ ಅವರ ಮನೆ ಒತ್ತೊತ್ತಾದ ಬೀದಿಯಲ್ಲಿದೆ, ಮರ ಅಂತ ಇರುವುದು ಎದುರು ಮನೆಯ ಒಂದು ಹೊಂಗೆ. ಹಬ್ಬಕ್ಕೆ ಹೋದಾಗಲೆಲ್ಲ ಅಕ್ಕ, ಅಂದರೆ ಅವರ ಹೆಂಡತಿ, ನಗುತ್ತ ದೂರು ಹೇಳುತ್ತಿದ್ದರು. "ಬೇಸ್ಗೆ ಬಂದ್ರೆ ಸಾಕು ಕಣಮ್ಮ, ಎದ್ದೋರೇ ಕೇಳ್ತಾರೆ, ಕೂಗ್ತಿರೋದು ಕಿವಿಯೊಳ್ಗೋ ಒರ್ಗೋ ಅಂತ. ನಾನು ಬೀದಿಗೋಗಿ ಕೇಳಿಸ್ಕೊಂಡ್ ಬಂದು ಒಳ್ಗೆ ಅಂತೀನಿ. ಅಂಗಾ ಅಂದ್ಬುಟ್ಟು ಕಾಫಿ ಕುಡೀತಾರೆ." ಎರಡು ಬೇಸಗೆ ಹೀಗೇ ಕಳೆದವು. ಆ ಬೀದಿಯಲ್ಲಿ ಜೀರುಂಡೆ ಕೂಗಲಿಲ್ಲ. ನನ್ನನ್ನೂ ಕೇಳಿದರು, ಶೆಡ್ಡಿನ ಹತ್ತಿರ ಏನಾದರೂ ಕೂಗಿತಾ ಎಂದು. ಇಲ್ಲ ಅಣ್ಣ ಎಂದೆ. ಮೂರನೆಯ ಬೇಸಗೆಗೆ ಅವರು ಹಾಸಿಗೆ ಹಿಡಿದಿದ್ದರು. ಶ್ವಾಸಕೋಶದ ಕಾಯಿಲೆ, ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು.

ಹೋದ ತಿಂಗಳು ಒಂದು ಶನಿವಾರ ಸಂಜೆ ಅಕ್ಕನ ಫೋನು ಬಂತು. ದನಿ ಏರಿತ್ತು. "ಕೂಗ್ತೈತೆ ಕಣಮ್ಮ! ಹೊಂಗೆ ಮರ್ದಲ್ಲಿ! ಇವ್ರು ನಂಬ್ತಾ ಇಲ್ಲ. ನೀನು ಏಳ್ಬೇಕಂತೆ." ಫೋನನ್ನು ಬೀದಿಗೆ ಹಿಡಿದರು. ಬರೀ ಗಾಳಿ, ಒಂದು ಸ್ಕೂಟರ್. ಅಷ್ಟು ಕೀರಲು ದನಿ ಆ ಫೋನಿನಲ್ಲಿ ಹಾದು ಬರಲಿಲ್ಲ. ಅವರಿಗಂತೂ ಫೋನು ಕೇಳುತ್ತಲೇ ಇರಲಿಲ್ಲ. ಬೆಳಿಗ್ಗೆಯೇ ಬಂದು ನಾನೇ ಕೇಳಿ ಹೇಳ್ತೀನಿ ಅಕ್ಕ, ಅಲ್ಲಿತನಕ ನಾನು ಬರ್ತಿದ್ದೀನಿ ಅಂತ ಅವರಿಗೆ ಹೇಳಿ ಎಂದೆ.

ಭಾನುವಾರ ಬೆಳಿಗ್ಗೆ ನಾನು ಬೀದಿಗೆ ತಿರುಗುವಷ್ಟರಲ್ಲಿ ಮನೆಯ ಮುಂದೆ ಶಾಮಿಯಾನ ಹಾಕುತ್ತಿದ್ದರು. ನೆಲಮಂಗಲಕ್ಕೆ ಕೊಟ್ಟಿದ್ದ ಅವರ ಮಗಳು ಆಗಲೇ ಬಂದಿದ್ದಳು. ಅಣ್ಣನನ್ನು ನಡುಮನೆಯಲ್ಲಿ ಮಲಗಿಸಿದ್ದರು.

ಅಕ್ಕ ನನ್ನನ್ನು ಕಂಡವರೇ ಕೈ ಹಿಡಿದು ಬಾಗಿಲ ಹೊರಗೆ ಎಳೆದುಕೊಂಡು ಬಂದರು. "ಸಂಜೆ ಪೂರ್ತಿ ಕೂಗ್ತು ಕಣಮ್ಮ. ಕಿವಿ ತಾವ ಬಾಯಿಟ್ಟು ಏಳ್ದೆ. ದೇವ್ರಾಣೆ ಒರ್ಗೇ ಕೂಗ್ತೈತೆ ಅಂದೆ. 'ನೀನೂ ಶಾಪ್‌ನೋರ್ ತರ ಊಂ ಊಂ ಅನ್ಬೇಡ ಕಣೆ' ಅಂತ ನಕ್ರು. ಆವಮ್ಮ ಬಂದು ಏಳ್ಲಿ ಅಂದ್ರು. ಗೋಡೆ ಕಡೆ ತಿರಿಕ್ಕಂಡು ಮಲಕ್ಕಂಡ್ರು." ಅಕ್ಕ ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದರು. "ನಾನು ಸುಳ್ಳಾಡ್ಲಿಲ್ಲ ಕಣಮ್ಮ."

ಬಿಸಿಲು ಏರಿತ್ತು. ಎದುರಿನ ಹೊಂಗೆಯಲ್ಲಿ ಮೊದಲು ಕಿರ್ ಕಿರ್ ಎಂದು ಬಿಟ್ಟು ಬಿಟ್ಟು ಶುರುವಾಗಿ, ಆಮೇಲೆ ಒಂದೇ ಉಸಿರಿಗೆ ಏರಿತು. ಕುರ್ಚಿ ಇಳಿಸುತ್ತಿದ್ದವರು ಮಾತು ಕೇಳಿಸದೆ ದನಿ ಎತ್ತರಿಸಿದರು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು.

"ಕೂಗ್ತಿದೆ ಅಕ್ಕ," ಎಂದೆ. "ಹೊರಗೇ ಕೂಗ್ತಿದೆ."

ಅವರು ನನ್ನ ಕೈ ಬಿಟ್ಟು ಒಳಗೆ ಹೋದರು. ಸುತ್ತ ಕೂತಿದ್ದ ಹೆಂಗಸರನ್ನು ಸರಿಸಿ ಅಣ್ಣನ ಪಕ್ಕ ಮಂಡಿಯೂರಿದರು. ಅವರ ಮುಖದ ಹತ್ತಿರ ಬಗ್ಗಿ, ಬದುಕಿದ್ದಾಗ ಹೇಳುತ್ತಿದ್ದಷ್ಟೇ ಜೋರಾಗಿ, ಇಡೀ ಮನೆಗೆ ಕೇಳುವ ಹಾಗೆ ಹೇಳಿದರು:

"ಇಗಾ ಕೇಳಿ, ಆವಮ್ಮನೂ ಬಂದು ಏಳ್ತು. ಒರ್ಗೇಯ."